ಹಿಮ ಹಿಂದಿರುಗಿಸಿದ ಯೋಧರು

ರಣರಂಗದಲ್ಲಿ ಮಡಿದ ಯೋಧನಿಗೆ ಗೌರವದ ಅಂತ್ಯಕ್ರಿಯೆ ಸಲ್ಲುತ್ತದೆ. ಆದರೆ ಸತ್ತನೋ ಬದುಕಿದ್ದಾನೋ ತಿಳಿಯದವನ ಮನೆಯವರು ಏನು ಮಾಡಬೇಕು? ಸೇನೆಯ ಕಡತದಲ್ಲಿ 'ಕಾಣೆಯಾದವರು' ಎಂಬ ಒಂದು ಪದಕ್ಕೆ ಮುಗಿಯುವ ವಿಷಯ ಮನೆಯಲ್ಲಿ ಮುಗಿಯುವುದಿಲ್ಲ.

1968ರ ಫೆಬ್ರುವರಿ 7ರಂದು ಭಾರತೀಯ ವಾಯುಪಡೆಯ ಎ.ಎನ್.-12 ವಿಮಾನ 102 ಮಂದಿಯನ್ನು ಹೊತ್ತು ಚಂಡೀಗಢದಿಂದ ಲೇಹ್‌ಗೆ ಹೊರಟಿತು. ಅವರಲ್ಲಿ ಬಹುತೇಕರು ಸೈನಿಕರು. ಹವಾಮಾನ ಕೆಟ್ಟಿದ್ದರಿಂದ ದಾರಿಯಲ್ಲೇ ಹಿಂದಿರುಗಿದ ವಿಮಾನ, ಹಿಮಾಚಲದ ರೋಹ್ತಾಂಗ್ ಬಳಿ ಕಣ್ಮರೆಯಾಯಿತು. ಅದರ ಸುಳಿವು ಸಿಕ್ಕಿದ್ದು 35 ವರ್ಷಗಳ ನಂತರ. 2003ರಲ್ಲಿ ಮನಾಲಿಯ ಪರ್ವತಾರೋಹಣ ಸಂಸ್ಥೆಯ ತಂಡವೊಂದು ಲಾಹುಲ್‌ನ ಹಿಮರಾಶಿಯಲ್ಲಿ ವಿಮಾನದ ಅವಶೇಷ ಕಂಡಿತು.

ಇಷ್ಟು ತಡವಾದದ್ದೇಕೆ? ಹಿಮನದಿ ನಿಂತಲ್ಲೇ ನಿಲ್ಲುವುದಿಲ್ಲ. ಬಲು ನಿಧಾನವಾಗಿ ಇಳಿಜಾರಿನತ್ತ ಜರುಗುತ್ತದೆ. ಮೇಲ್ಭಾಗದಲ್ಲಿ ಬಿದ್ದದ್ದರ ಮೇಲೆ ವರ್ಷ ವರ್ಷವೂ ಹಿಮ ಪೇರುತ್ತದೆ. ಕೆಳಗೆ ಮಂಜು ಕರಗುವೆಡೆ ಅದು ಮತ್ತೆ ಹೊರಬರುತ್ತದೆ. ಅತಿಶೀತದಲ್ಲಿ ದೇಹ ಬೇಗ ಕೊಳೆಯುವುದೂ ಇಲ್ಲ. ಅಷ್ಟೆತ್ತರದಲ್ಲಿ ಹುಡುಕಾಟಕ್ಕೆ ಬೇಸಿಗೆಯ ಕೆಲವು ವಾರಗಳಷ್ಟೇ ಅನುಕೂಲ.

2019ರವರೆಗೆ ಸಿಕ್ಕಿದ್ದು ಐದು ದೇಹಗಳು ಮಾತ್ರ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಇನ್ನೂ ನಾಲ್ಕು ದೊರೆತವು. ಗುರುತು ಹಿಡಿಯಲು ನೆರವಾದದ್ದು ದೇಹದೊಂದಿಗಿದ್ದ ಕಾಗದಪತ್ರ, ಸಂಬಳದ ಪುಸ್ತಕ. ಅವರಲ್ಲಿ ಕೇರಳದ ಯೋಧನೊಬ್ಬನಿಗೆ ಕಾಣೆಯಾದಾಗ 22 ವರ್ಷ. 56 ವರ್ಷಗಳ ಬಳಿಕ ಪೆಟ್ಟಿಗೆ ಊರಿಗೆ ಬಂದಾಗ ತಂದೆತಾಯಿ ಇರಲಿಲ್ಲ. ಒಡಹುಟ್ಟಿದವರು ಬರಮಾಡಿಕೊಂಡರು, ಊರ ಚರ್ಚಿನಲ್ಲಿ ಮಣ್ಣು ಮಾಡಲಾಯಿತು.

ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಲು ಕಾನೂನು ಅವಕಾಶ ಕೊಡುತ್ತದೆ. ದೇಹ ಸಿಗದಾಗ ಪ್ರತಿಕೃತಿ ಮಾಡಿ ದಹಿಸುವ ಕ್ರಮ ಧರ್ಮಶಾಸ್ತ್ರಗಳಲ್ಲಿದೆ. ಪಿಂಚಣಿಗೂ ಆಸ್ತಿಗೂ ಕಾನೂನು ದಾರಿ ತೋರಬಹುದು, ಕರ್ಮಾಂತರಕ್ಕೆ ಶಾಸ್ತ್ರ ದಾರಿ ತೋರಬಹುದು. ಬಾಗಿಲ ಸದ್ದಾದಾಗಲೆಲ್ಲ ಎದ್ದು ನೋಡುವ ತಾಯಿಗೆ ಎರಡೂ ಸಾಲವು.

1971ರ ಯುದ್ಧದಲ್ಲಿ ಕಾಣೆಯಾದವರ ಕಥೆ ಇನ್ನೂ ಕಠಿಣ. ಪಾಕಿಸ್ತಾನದ ಸೆರೆಯಲ್ಲಿರಬಹುದೆಂದು ಭಾರತ ನಂಬಿದ್ದ ಪಟ್ಟಿಯಲ್ಲಿ 54 ಹೆಸರುಗಳಿದ್ದವು. ಪಾಕಿಸ್ತಾನ ಇದನ್ನು ಅಲ್ಲಗಳೆಯುತ್ತಲೇ ಬಂದಿದೆ. 2007ರಲ್ಲಿ ಬಂಧುಗಳ ತಂಡವೊಂದು ಅಲ್ಲಿನ ಜೈಲುಗಳಿಗೇ ಹೋಗಿ ಬರಿಗೈಯಲ್ಲಿ ಮರಳಿತು. ಆ ಮನೆಗಳಲ್ಲಿ ಗೋಡೆಯ ಚಿತ್ರಕ್ಕೆ ಹಾರ ಹಾಕುವುದೋ ಬೇಡವೋ ಎಂಬುದೇ ದೊಡ್ಡ ಪ್ರಶ್ನೆ.