ಟ್ರೇಲರ್ ಪ್ರವಾಸಕ್ಕೆ ಗ್ಯಾಸ್: ತುಂಬಿಸುವುದೋ, ಬದಲಾಯಿಸುವುದೋ?

ಊರಿನಲ್ಲಿ ಖಾಲಿ ಸಿಲಿಂಡರ್ ಕೊಟ್ಟು 14.2 ಕಿಲೋ ತುಂಬಿದ್ದನ್ನು ಪಡೆಯುವುದೇ ನಮ್ಮ ರೂಢಿ. ಶಿಕಾಗೋ, ಡೆಟ್ರಾಯಿಟ್‌ಗಳಿಂದ ಟ್ರೇಲರ್ ಕಟ್ಟಿಕೊಂಡು ಮಿಶಿಗನ್ ಸರೋವರದ ದಡಕ್ಕೆ ಹೊರಡುವಾಗಲೂ ಅದೇ ರೂಢಿ ಮುಂದುವರಿಯುತ್ತದೆ. ಆದರೆ ಇಲ್ಲಿ 20 ಪೌಂಡ್ ಹಿಡಿಯುವ ಬದಲಿ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಸುಮಾರು 15 ಪೌಂಡ್ ಪ್ರೊಪೇನ್. ತುಂಬಿಸುವ ಕೇಂದ್ರದಲ್ಲಿ ಪೂರ್ತಿ ಸಿಗುತ್ತದೆ. ಪೂರ್ತಿ ಎಂದರೂ ಗಾತ್ರದ ಶೇಕಡ 80 ಅಷ್ಟೆ. ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು.

ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಒತ್ತಿರುವ ತಯಾರಿಕೆಯ ತಿಂಗಳು, ವರ್ಷ ನೋಡಿ. 12 ವರ್ಷ ದಾಟಿದ್ದರೆ ಮರುಪರೀಕ್ಷೆಯಾಗದೆ ತುಂಬಿಸುವಂತಿಲ್ಲ. ಆಗ ಬದಲಾಯಿಸುವುದೇ ಸುಲಭ.

ಯಾವುದನ್ನೇ ತಂದರೂ ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ವಾಲ್ವ್ ಮುಚ್ಚಿ. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದ್ದು ಮಕ್ಕಳು ಮಲಗುವ ನೆಲದ ಮಟ್ಟಕ್ಕೇ ಇಳಿಯುತ್ತದೆ. ಪೌಂಡಿನ ಲೆಕ್ಕ ಆಮೇಲೆ.