ಹಾಲು ಒಗ್ಗದ ಮಗುವಿಗೂ ಗರಿಗರಿ ಪಫ್ಸ್

ಸಂಜೆ ಹೊತ್ತು ಬೇಕರಿ ಮುಂದೆ ಹಾದುಹೋದರೆ ಸಾಕು, ಬಿಸಿ ಪಫ್ಸ್‌ನ ಘಮ ಮಕ್ಕಳನ್ನು ತಡೆದು ನಿಲ್ಲಿಸುತ್ತದೆ. 1898ರಲ್ಲಿ ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುಮಾಡಿದ ಅಯ್ಯಂಗಾರ್ ಬೇಕರಿಯ ರುಚಿ ಈಗ ಸಣ್ಣ ಊರುಗಳಿಗೂ ಬಂದಿದೆ. ಆದರೆ ಮನೆಯಲ್ಲಿ ಹಾಲು ಒಗ್ಗದ ಮಗುವಿದ್ದರೆ? ಹುಟ್ಟುಹಬ್ಬದ ಮನೆಯಲ್ಲಿ ಎಲ್ಲರೂ ತಿನ್ನುವಾಗ "ನಿಂಗೆ ಬೇಡ ಪುಟ್ಟಾ" ಅಂತ ಕೈ ಹಿಡಿಯುವ ತಾಯಿಯ ಸಂಕಟ ಅನುಭವಿಸಿದವರಿಗೇ ಗೊತ್ತು.

ಇದಕ್ಕೆ ದಾರಿ ನಮ್ಮ ಚಿರೋಟಿಯಲ್ಲೇ ಇದೆ. ಚಿರೋಟಿ ಪದರ ಬಿಡುವುದು ಸಾಟಿಯಿಂದ ತಾನೇ? ಪಫ್ಸ್‌ನ ಗುಟ್ಟೂ ಅದೇ. ಹಿಟ್ಟಿನೊಳಗಿನ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ. ನಡುವಿನ ಜಿಡ್ಡು ಅವು ಅಂಟದಂತೆ ಕಾಯುತ್ತದೆ.

ಬೇಕಾಗುವ ಸಾಮಾನು (8 ಪಫ್ಸ್‌ಗೆ)

ಕಣಕಕ್ಕೆ: ಮೈದಾ 250 ಗ್ರಾಂ, ಎಣ್ಣೆ 2 ಚಮಚ, ನಿಂಬೆರಸ 1 ಚಮಚ, ಉಪ್ಪು, ತಣ್ಣೀರು.

ಸಾಟಿಗೆ: ವನಸ್ಪತಿ ಅಥವಾ ಗಟ್ಟಿಯಾದ ಅಡುಗೆ ಕೊಬ್ಬರಿ ಎಣ್ಣೆ 6 ದೊಡ್ಡ ಚಮಚ, ಅಕ್ಕಿಹಿಟ್ಟು 3 ದೊಡ್ಡ ಚಮಚ.

ಪಲ್ಯಕ್ಕೆ: ಬೇಯಿಸಿದ ಆಲೂಗೆಡ್ಡೆ 2, ಈರುಳ್ಳಿ 1, ಕ್ಯಾರೆಟ್ 1, ಬೀನ್ಸ್ 10, ಬಟಾಣಿ ಒಂದು ಹಿಡಿ, ಹಸಿಮೆಣಸಿನಕಾಯಿ, ಶುಂಠಿ, ಅರಿಸಿನ, ಗರಂ ಮಸಾಲೆ, ಕೊತ್ತಂಬರಿ ಸೊಪ್ಪು.

ಮಾಡುವ ವಿಧಾನ

ಚಪಾತಿಯ ಹದಕ್ಕೆ ಕಣಕ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಪಲ್ಯವನ್ನು ನೀರಿನಂಶ ಆರುವವರೆಗೆ ಬಾಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಪಲ್ಯ ಬಿಸಿಯಿದ್ದರೆ ಸಾಟಿ ಕರಗಿ ಪದರ ಕೆಡುತ್ತದೆ.

ಸಾಟಿಯನ್ನು ಬೆಣ್ಣೆಯಂತಾಗುವವರೆಗೆ ಕೈಯಲ್ಲಿ ತಿಕ್ಕಿ. ಕಣಕದಿಂದ 6 ತೆಳು ಚಪಾತಿ ಲಟ್ಟಿಸಿ, ನಡುನಡುವೆ ಸಾಟಿ ಸವರಿ ಒಂದರ ಮೇಲೊಂದು ಇಡಿ. ನಾಲ್ಕೂ ಅಂಚು ಒಳಕ್ಕೆ ಮಡಿಸಿ, ಒದ್ದೆಬಟ್ಟೆ ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಆಮೇಲೆ ಹಗುರವಾಗಿ ಲಟ್ಟಿಸಿ, ಹರಿತವಾದ ಚಾಕುವಿನಿಂದ 4 ಅಂಗುಲದ 8 ಚೌಕ ಕತ್ತರಿಸಿ. ನಡುವೆ ಪಲ್ಯವಿಟ್ಟು, ಎದುರುಬದುರು ಅಂಚುಗಳಿಗೆ ನೀರು ಸವರಿ ಒಂದರ ಮೇಲೊಂದು ಮಡಿಸಿ ಅಂಟಿಸಿ. ಕತ್ತರಿಸಿದ ಬದಿಗಳನ್ನು ಮಾತ್ರ ಒತ್ತಬೇಡಿ, ಪದರ ಅರಳುವುದೇ ಅಲ್ಲಿ. ಮೇಲೆ ಹಾಲಿನ ಬದಲು ಎಣ್ಣೆ ಸವರಿ.

ಓವನ್ ಇದ್ದರೆ ಮೊದಲೇ ಕಾಯಿಸಿ, 200 ಡಿಗ್ರಿಯಲ್ಲಿ 25-30 ನಿಮಿಷ ಬೇಯಿಸಿ. ಇಲ್ಲವೇ? ಚಿಂತೆ ಬೇಡ. ಹಳೆಯ ದಪ್ಪತಳದ ಪಾತ್ರೆಗೆ ಒಣ ಮರಳು ಹರಡಿ, ಮುಚ್ಚಿ 15 ನಿಮಿಷ ಕಾಯಿಸಿ. ಒಳಗೆ ಒಂದು ಸ್ಟ್ಯಾಂಡ್, ಅದರ ಮೇಲೆ ತಟ್ಟೆ ಇಟ್ಟು ಮಧ್ಯಮ ಉರಿಯಲ್ಲಿ 45 ನಿಮಿಷ ಬೇಯಿಸಿ. ಅರ್ಧ ಗಂಟೆಯಾದಾಗ ಒಮ್ಮೆ ತಿರುವಿ ಹಾಕಿ. ಪ್ರೆಷರ್ ಕುಕ್ಕರನ್ನು ಮಾತ್ರ ನೀರಿಲ್ಲದೆ ಕಾಯಿಸಬೇಡಿ, ಹಾಳಾಗುತ್ತದೆ.

ಗಮನದಲ್ಲಿರಲಿ

ವೈದ್ಯರು ಹಾಲು ಕೂಡದೆಂದಿದ್ದರೆ ಬೆಣ್ಣೆ-ತುಪ್ಪ ಮುಟ್ಟಿದ ತಟ್ಟೆ, ಲಟ್ಟಣಿಗೆ ಚೆನ್ನಾಗಿ ತೊಳೆದುಕೊಳ್ಳಿ. ಕೆಲವು ಮಾರ್ಗರೀನ್‌ಗಳಲ್ಲಿ ಹಾಲಿನ ಅಂಶವಿರುತ್ತದೆ. ಪೊಟ್ಟಣ ಓದಿಯೇ ಕೊಳ್ಳಿ. ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂದು 2022ರಿಂದ ನಿಯಮವಿದೆ. ಆದರೂ ಇದು ಅಪರೂಪದ ತಿಂಡಿಯಾಗಿಯೇ ಇರಲಿ.

ಮುಂದಿನ ಹುಟ್ಟುಹಬ್ಬಕ್ಕೆ ಎಂಟನ್ನು ಡಬ್ಬಿಯಲ್ಲಿ ಹಾಕಿ ಕಳಿಸಿ. ನಿಮ್ಮ ಮಗು ತಾನೂ ತಿಂದು, ಉಳಿದವರಿಗೂ ಹಂಚಲಿ!