ಮೀಟರ್‌ಗೇಜಿನ ಮೇಲೆ 252 ಟನ್

ಮೀಟರ್‌ಗೇಜ್ ಅಂದರೆ ನಮ್ಮ ಕಡೆ ಸಣ್ಣ ರೈಲು ಎಂದೇ ಲೆಕ್ಕ. ನಾನು ಹುಬ್ಬಳ್ಳಿ ಲೋಕೋ ಶೆಡ್‌ನಲ್ಲಿ ಫಿಟರ್ ಆಗಿದ್ದ ಕಾಲದಲ್ಲಿ ಮೀಟರ್‌ಗೇಜಿನ ವೈಪಿ ಎಂಬ ಉಗಿ ಎಂಜಿನ್ನಿನ ಒಂದೊಂದು ಅಚ್ಚಿನ ಮೇಲೆ ಬೀಳುತ್ತಿದ್ದ ಭಾರ ಹತ್ತು-ಹನ್ನೊಂದು ಟನ್. ಅಷ್ಟೇ ಅಗಲದ ಹಳಿಯ ಮೇಲೆ ಅಚ್ಚಿಗೆ 21 ಟನ್ ಹೇರಿಕೊಂಡು ಓಡುವ ಎಂಜಿನ್ ಉಂಟು ಎಂದು ಯಾರಾದರೂ ಆಗ ಹೇಳಿದ್ದರೆ, ಚಹಾ ಕುಡಿದು ಹೋಗಪ್ಪಾ ಅನ್ನುತ್ತಿದ್ದೆ. ಮಗಳ ಮನೆಗೆಂದು ನೈರೋಬಿಗೆ ಹೋದಾಗ ಅಲ್ಲಿಯ ರೈಲ್ವೆ ಮ್ಯೂಸಿಯಂನಲ್ಲಿ ಅದು ಎದುರಿಗೇ ನಿಂತಿತ್ತು: ಈಸ್ಟ್ ಆಫ್ರಿಕನ್ ರೈಲ್ವೇಸ್‌ನ 59ನೇ ಕ್ಲಾಸ್, ನಂಬರ್ 5918, ಹೆಸರು ‘ಮೌಂಟ್ ಗೆಲಾಯ್’. ಈ ವರ್ಗದ 34 ಎಂಜಿನ್‌ಗಳಿಗೂ ಪೂರ್ವ ಆಫ್ರಿಕಾದ ಬೆಟ್ಟಗಳ ಹೆಸರು. ತೂಕ 252 ಟನ್. ಮೀಟರ್‌ಗೇಜಿನ ಮೇಲೆ ಇದಕ್ಕಿಂತ ಭಾರವಾದ ಉಗಿ ಎಂಜಿನ್ ಜಗತ್ತಿನಲ್ಲಿ ಎಲ್ಲೂ ಓಡಿಲ್ಲ.

“ಅಜ್ಜಾ, ಇದರ ಮುಂದು ಯಾವುದು, ಹಿಂದು ಯಾವುದು?” ಎಂದ ಮೊಮ್ಮಗ. ಕೇಳಬೇಕಾದ ಪ್ರಶ್ನೆಯೇ. ಇದು ಗ್ಯಾರೆಟ್ ಮಾದರಿಯ ಎಂಜಿನ್, ಎರಡೂ ಕಡೆಗೆ ಒಂದೇ ಸಮ ಓಡುತ್ತದೆ. ಅದಕ್ಕೆ ಮೂರು ತುಂಡು. ಮುಂದೊಂದು, ಹಿಂದೊಂದು ಗಾಲಿಗಳ ಗಾಡಿ. ಎರಡಕ್ಕೂ ಅದರದರದೇ ಸಿಲಿಂಡರು, ಪಿಸ್ಟನ್. ನೀರಿನ ಟ್ಯಾಂಕು, ಎಣ್ಣೆಯ ಟ್ಯಾಂಕು ಕೂರುವುದು ಈ ಗಾಡಿಗಳ ಮೇಲೆಯೇ. ನಡುವೆ ಬಾಯ್ಲರು, ಇಬ್ಬರು ಹೊತ್ತ ಪಲ್ಲಕ್ಕಿಯ ಹಾಗೆ. ತಿರುವು ಬಂದಾಗ ಎರಡು ಪಿವಟ್‌ಗಳಲ್ಲಿ ಎಂಜಿನ್ ಮಣಿಯುತ್ತದೆ. ಇಷ್ಟು ಉದ್ದದ್ದು ಹಳಿ ಬಿಡದೆ ತಿರುಗುವುದು ಹೀಗೆ.

ನೋಡಲು ಬಂದವರೆಲ್ಲ ಉದ್ದವನ್ನೇ ಹೊಗಳುತ್ತಿದ್ದರು. ನಾನು ಬಗ್ಗಿ ಬಾಯ್ಲರಿನ ಕೆಳಗೆ ನೋಡಿದೆ. ಅಲ್ಲಿ ಗಾಲಿಯೇ ಇಲ್ಲ! ಗುಟ್ಟು ಇರುವುದು ಅಲ್ಲೇ. ನಮ್ಮ ಎಂಜಿನ್‌ಗಳಲ್ಲಿ ಗಾಲಿ, ಫ್ರೇಮು ಅಡ್ಡ ಬರುತ್ತಿದ್ದವು; ಬಾಯ್ಲರನ್ನು ಬೇಕಾದಷ್ಟು ದಪ್ಪ ಮಾಡಲು, ಫೈರ್‌ಬಾಕ್ಸನ್ನು ಬೇಕಾದಷ್ಟು ಆಳ ಇಳಿಸಲು ಬರುತ್ತಿರಲಿಲ್ಲ. ಇಲ್ಲಿ ಆ ಕಟ್ಟೇ ಇಲ್ಲ. ಒಂದು ಮೀಟರ್ ಹಳಿಯ ಮೇಲೆ ಏಳೂವರೆ ಅಡಿ ವ್ಯಾಸದ ಬಾಯ್ಲರ್! ಅದಕ್ಕೆ ಕಲ್ಲಿದ್ದಲು ಎತ್ತಿ ಹಾಕಲು ಯಾವ ಫೈರ್‌ಮನ್ನನ ರಟ್ಟೆಯೂ ಸಾಲದು; ಉರಿಸುತ್ತಿದ್ದದ್ದು ಫರ್ನೇಸ್ ಎಣ್ಣೆ. ಕುಂದೂ ಇತ್ತು, ಹೇಳಿಬಿಡುತ್ತೇನೆ. ನೀರು, ಎಣ್ಣೆ ಖರ್ಚಾದಂತೆ ಗಾಲಿಗಳ ಮೇಲಿನ ಭಾರ ಇಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಏರಿನಲ್ಲಿ ಗಾಲಿ ಜಾರಿದರೆ ಡ್ರೈವರನ ಪಾಡು ಯಾರಿಗೂ ಬೇಡ.

ಈ ಕಲ್ಪನೆ ಹರ್ಬರ್ಟ್ ವಿಲಿಯಂ ಗ್ಯಾರೆಟ್ ಎಂಬ ಇಂಗ್ಲಿಷ್ ಎಂಜಿನಿಯರನದು. 1907ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಮ್ಯಾಂಚೆಸ್ಟರಿನ ಬೆಯರ್ ಪೀಕಾಕ್ ಕಂಪನಿ 1909ರಲ್ಲಿ ಮೊದಲನೆಯದನ್ನು ಟಾಸ್ಮೇನಿಯಾಕ್ಕೆ ಕಟ್ಟಿಕೊಟ್ಟಿತು. ಅದರ ಬೆನ್ನಿಗೇ ಒಂದು ನಮ್ಮ ಡಾರ್ಜಿಲಿಂಗ್‌ಗೂ ಬಂತು. ಗ್ಯಾರೆಟ್ 1913ರಲ್ಲೇ ತೀರಿಕೊಂಡ. ತನ್ನ ಎಂಜಿನ್ ಬೆಳೆದದ್ದನ್ನು ನೋಡಲಿಲ್ಲ.

ಕೀನ್ಯಾಕ್ಕೆ ಮೀಟರ್‌ಗೇಜ್ ಹೋದದ್ದೇ ಭಾರತದಿಂದ. 1896ರಲ್ಲಿ ಮೊಂಬಾಸಾದಿಂದ ಹಳಿ ಹಾಕಲು ಶುರುಮಾಡಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಯವರು ಇಲ್ಲಿಂದ ಹೋದರು, ಹಳೆಯ ಎಂಜಿನ್‌ಗಳೂ ಹೋದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೊಂಬಾಸಾ ಬಂದರಿನಲ್ಲಿ ಸರಕು ರಾಶಿ ಬಿದ್ದಿತು. ಸಮುದ್ರದ ಮಟ್ಟದಿಂದ ನೈರೋಬಿಗೆ 530 ಕಿಲೋಮೀಟರ್, ಹತ್ತಬೇಕಾದದ್ದು ಐದು ಸಾವಿರ ಅಡಿಗೂ ಮೇಲೆ. 1955-56ರಲ್ಲಿ ಬಂದಿಳಿದ 59ನೇ ಕ್ಲಾಸು 1,200 ಟನ್ ಗೂಡ್ಸ್ ಕಟ್ಟಿಕೊಂಡು ನೂರಕ್ಕೆ ಒಂದೂವರೆಯ ಏರು ಹತ್ತುತ್ತಿತ್ತು. ಡ್ರೈವರ್‌ಗಳಲ್ಲಿ ಸಿಖ್ಖರು ಬಹಳ. ‘ನನ್ನ ಎಂಜಿನ್’ ಎಂಬ ಅಭಿಮಾನದಿಂದ ತಿಕ್ಕಿ ತಿಕ್ಕಿ ಹೊಳಪಿಸುತ್ತಿದ್ದರಂತೆ. ನಂಬುತ್ತೇನೆ, ನಮ್ಮಲ್ಲೂ ಅಂಥವರಿದ್ದರು.

ಇದಕ್ಕಿಂತ ದೊಡ್ಡದೂ ಬರಬೇಕಿತ್ತು: 61ನೇ ಕ್ಲಾಸ್, 372 ಟನ್. ಕಾಗದದಲ್ಲೇ ಉಳಿಯಿತು, ಡೀಸೆಲ್ ಬಂತು. 1980ರ ಹೊತ್ತಿಗೆ 59ರ ಕೆಲಸವೂ ಮುಗಿದಿತ್ತು. ಉಳಿದಿರುವುದು ಎರಡೇ, 5918 ಮತ್ತು 5930, ಎರಡೂ ನೈರೋಬಿಯಲ್ಲೇ. ಉಗಿ ಎಂಜಿನ್‌ಗಾಗಿ ಕಣ್ಣೀರು ಹಾಕುವವರು ಡೀಸೆಲ್ ತಂದವರನ್ನು ಬೈಯುತ್ತಾರೆ, ನಾನು ಬೈಯಲಾರೆ. ಹಾಗೆ ಬೈಯುವವರು ಬಾಯ್ಲರ್ ವಾಷೌಟ್ ಮಾಡಿದವರಲ್ಲ. ಎಂಜಿನ್ ಆರಿಸಿ, ತಣಿಸಿ, ಪ್ಲಗ್ ಬಿಚ್ಚಿ, ಒಳಗಿನ ಕೆಸರು ಕೆರೆದು ತೊಳೆದು, ಮತ್ತೆ ಉಗಿ ಏಳಿಸುವಷ್ಟರಲ್ಲಿ ಡೀಸೆಲ್ ಮೊಂಬಾಸಾ ಮುಟ್ಟಿರುತ್ತದೆ.